ಹೊಗೆಯಿಲ್ಲದ ಒಲೆ ಹೊಗೆಯಾಡಿದ ಸೋಮವಾರ

ನ್ಯಾಮತಿಯ ಅಡುಗೆಮನೆಗಳಿಂದ ಹೊಗೆಯನ್ನು ಗಡೀಪಾರು ಮಾಡಿಯೇ ತೀರುತ್ತೇನೆ!

ಹೀಗೆಂದು ಒಂದು ಬೆಳಿಗ್ಗೆ ನಾನು ಘೋಷಿಸಿದೆ. ಎದೆ ಸೆಟೆಸಿ, ಕೈ ಮೇಲೆತ್ತಿ, ಮೈಕು ಸಿಕ್ಕಿದ ಮುಖಂಡರ ಹಾಗೆ ಘೋಷಿಸಿದೆ. ಸಭೆಗೆ ಹಾಜರಾಗಿದ್ದವಳು ನಮ್ಮ ಎಮ್ಮೆ ಒಬ್ಬಳೇ. ಅವಳು ಮೆಲುಕು ನಿಲ್ಲಿಸದೆ ನನ್ನನ್ನೇ ನೋಡಿದಳು. ಯಾರ ವಿರೋಧವೂ ಬರದ ಕಾರಣ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಎಮ್ಮೆಯ ಮುಂದೆ ಏಕೆ ಎಂದು ಕೇಳುತ್ತೀರಿ. ಮನುಷ್ಯರ ಮುಂದೆ ನನಗೆ ಬಾಯೇ ಬರುವುದಿಲ್ಲ, ಅದಕ್ಕೆ. ಶಾಲೆಯಲ್ಲಿ ಮೇಷ್ಟ್ರು "ಹಾಲಸ್ವಾಮಿ, ಎದ್ದು ನಿಂತು ಓದು" ಎಂದರೆ ನಾನು ಎದ್ದು ನಿಲ್ಲುತ್ತಿದ್ದೆ. ಅಷ್ಟೇ. ಓದುತ್ತಿರಲಿಲ್ಲ. ಒಂಬತ್ತನೇ ತರಗತಿಯಲ್ಲಿ ಹೀಗೆ ನಿಂತವನು, ಹೇಗೂ ನಿಂತಿದ್ದೇನಲ್ಲ ಎಂದು ನಡೆದು ಬಾಗಿಲು ದಾಟಿಬಿಟ್ಟೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆದರೆ ನನ್ನ ಕೈಗೆ ಈ ಸಂಕೋಚವಿಲ್ಲ. ಒಂದು ಮೊಳೆ ಹೊಡೆಯಬೇಕಾದರೂ ಗೋಡೆಯ ಉದ್ದಗಲ ಅಳೆದು, ಗುರುತು ಹಾಕಿ, ಅಳಿಸಿ, ಮತ್ತೆ ಅಳೆದು ಹೊಡೆಯುವವನು ನಾನು. ಅಷ್ಟರಲ್ಲಿ ಬೇರೆ ಯಾರಾದರೂ ಹೊಡೆದಿರುತ್ತಾರೆ, ಅದು ಬೇರೆ ಮಾತು.

ಅದು ಎಂಬತ್ತೈದನೇ ಇಸವಿ. ಹೊನ್ನಾಳಿಯ ಬ್ಲಾಕ್ ಆಫೀಸಿನವರು ಸುತ್ತಲಿನ ಊರಿನ ಹುಡುಗರಿಗೆ ಹೊಗೆಯಿಲ್ಲದ ಒಲೆ ಕಟ್ಟುವುದನ್ನು ಕಲಿಸುತ್ತಿದ್ದರು. "ಮನ್ಯಾಗೆ ಕುಂತು ಎಮ್ಮೆ ಮುಖ ನೋಡೋ ಬದ್ಲು ಅದನ್ನಾದ್ರೂ ಕಲಿಯೋ" ಎಂದು ಅಪ್ಪ ನನ್ನನ್ನು ಬಸ್ಸಿಗೆ ಹತ್ತಿಸಿದರು.

ಆ ಒಲೆ ನೋಡಿ ನಾನು ಮರುಳಾಗಿಹೋದೆ! ಮಣ್ಣು, ಹೊಟ್ಟು, ಸಗಣಿ ಕಲಸಿ ಕಟ್ಟುವ ಉದ್ದನೆಯ ಒಲೆ. ಸೌದೆ ಇಡುವುದಕ್ಕೆ ಮುಂದೆ ಒಂದೇ ಬಾಯಿ. ಪಾತ್ರೆ ಕೂರುವುದಕ್ಕೆ ಮೇಲೆ ಎರಡು ಕುಣಿ. ಮೊದಲ ಕುಣಿಯ ಕೆಳಗೆ ಉರಿಯುವ ಬೆಂಕಿ ಒಳಗಿಂದೊಳಗೇ ಹರಿದುಹೋಗಿ ಎರಡನೇ ಪಾತ್ರೆಯನ್ನೂ ಕಾಯಿಸುತ್ತದೆ. ಹೊಗೆ ಮಾತ್ರ ಕೊಳವೆ ಹತ್ತಿ ಹೆಂಚಿನಾಚೆ ಹೋಗುತ್ತದೆ. ಸೌದೆ ಅರ್ಧ ಉಳಿಯುತ್ತದೆ, ಕಣ್ಣು ಪೂರ್ತಿ ಉಳಿಯುತ್ತದೆ.

ಕಲಿಸಿದ ಸಾಹೇಬರು ಕೊನೆಯ ದಿನ ಒಂದು ಮಾತು ಹೇಳಿದರು: "ಒಲೆ ಕಟ್ಟೋದು ಸುಲಭ ಕಣ್ರಪ್ಪ. ಮನೆಯವರನ್ನ ಒಪ್ಪಿಸೋದೇ ಕಷ್ಟ. ಮನೆಮನೆಗೆ ಹೋಗಿ ಬಾಯಿಬಿಟ್ಟು ಮಾತಾಡಬೇಕು."

ಬಾಯಿಬಿಟ್ಟು! ಅದೊಂದೇ ನನಗೆ ಬಾರದ್ದು. ಅದಕ್ಕೇ ಅವರು ಹೇಳಿಕೊಟ್ಟ ಭಾಷಣವನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿಕೊಂಡೆ. "ಪ್ರಿಯ ಗೃಹಸ್ಥರೇ" ಎಂದು ಶುರುವಾಗಿ "ಉರುವಲು ಉಳಿಸಿ, ಊರು ಉಳಿಸಿ" ಎಂದು ಮುಗಿಯುತ್ತಿತ್ತು. ಅದರಲ್ಲಿ ಒಂದೇ ಐಬು. ನಡುವೆ ಯಾರಾದರೂ ಮಾತಾಡಿಸಿದರೆ ನನಗೆ ದಾರಿ ತಪ್ಪಿಹೋಗುತ್ತಿತ್ತು. ಮತ್ತೆ "ಪ್ರಿಯ ಗೃಹಸ್ಥರೇ" ಇಂದಲೇ ಹೊರಡಬೇಕಿತ್ತು.

ನನ್ನ ಮೊದಲ ಗಿರಾಕಿ ಬೇರೆ ಯಾರೂ ಅಲ್ಲ, ನನ್ನ ಅಕ್ಕ ಪ್ರೇಮಮ್ಮ. ಅವಳನ್ನು ನಮ್ಮೂರಿನ ಪೇಟೆ ಬೀದಿಯ ಕಿರಾಣಿ ಅಂಗಡಿ ಷಣ್ಮುಖಪ್ಪನವರಿಗೆ ಕೊಟ್ಟಿತ್ತು. ಭಾವ ಒಳ್ಳೆಯವರು. ಆದರೆ ಅವರ ರಾಜ್ಯ ಅಂಗಡಿಯ ಗಲ್ಲಾದವರೆಗೆ ಮಾತ್ರ. ಅಲ್ಲಿಂದ ಒಳಗೆ ಅವರ ತಾಯಿ ಕಲ್ಲಮ್ಮನವರ ಸಾಮ್ರಾಜ್ಯ. ಆ ಸಾಮ್ರಾಜ್ಯದ ಸಿಂಹಾಸನ ಅವರ ಹಳೆಯ ಒಲೆ. ಅದು ನಮ್ಮ ಭಾವನಿಗಿಂತ ಹಿರಿಯದು. ಕಿಟಕಿಯಿಲ್ಲದ ಆ ಅಡುಗೆಮನೆಯಲ್ಲಿ ಅದು ಹೊಗೆ ಉಗುಳಿ ಉಗುಳಿ ಗೋಡೆಯೆಲ್ಲ ಕಾಡಿಗೆಯಾಗಿತ್ತು. ಅಕ್ಕ ತವರಿಗೆ ಬಂದಾಗಲೆಲ್ಲ ಅವ್ವ ಅವಳ ಮುಖ ನೋಡಿ ಗಾಬರಿಯಾಗುತ್ತಿದ್ದಳು.

"ಯಾಕೆ ಅತ್ತೀಯೇ? ಅತ್ತೆ ಏನಾದ್ರೂ ಅಂದ್ರೇನೇ?"

"ಅತ್ತೆ ಏನೂ ಅಂದಿಲ್ಲವ್ವ. ಒಲೆ ಅಳಿಸ್ತೈತೆ."

ಮದುವೆಯಾಗಿ ಎರಡು ವರ್ಷವಾದರೂ ಅತ್ತೆಯ ಮುಂದೆ ಏನನ್ನೂ ಕೇಳದಿದ್ದ ಅಕ್ಕ ಈ ಒಂದನ್ನು ಮಾತ್ರ ಬಾಯಿಬಿಟ್ಟು ಕೇಳಿದ್ದಳು: ಹೊಸ ಒಲೆ ಹಾಕಿಸೋಣ, ನನ್ನ ತಮ್ಮ ಕಟ್ಟುತ್ತಾನೆ. ಕಲ್ಲಮ್ಮನವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಹಳ ಯೋಚನೆ ಮಾಡಿ ತೀರ್ಪು ಕೊಟ್ಟರು.

"ಆತು, ಕಟ್ಟಿಸು. ಶ್ರಾವಣದ ಕಡೇ ಸೋಮವಾರ ಅಯ್ನೋರು ಪಾದಪೂಜೆಗೆ ಬರ್ತಾರೆ. ಅವತ್ತಿನ ಎಡೆ ಅಡಿಗಿ ಹೊಸ ಒಲೆ ಮ್ಯಾಲೇ ಆಗ್ಬೇಕು. ಸಸೂತ್ರ ಆತು ಅಂದ್ರೆ ಒಲೆ ಇರ್ಲಿ. ಆಗ್ಲಿಲ್ಲ ಅಂದ್ರೆ ಮಂಗಳವಾರ ನನ್ನ ಹಳೇ ಒಲೆ ಅಲ್ಲೇ ಕುಂತಿರಬೇಕು. ಆಮ್ಯಾಲೆ ಅಡಿಗಿಮನಿ ಸುದ್ದಿ ನೀನು ಎತ್ತಂಗಿಲ್ಲ, ತಿಳೀತಾ?"

ಅಕ್ಕ ನಮ್ಮ ಮನೆಗೆ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಲೇ ಹಾಲ, ನನ್ನ ಕಣ್ಣು ನಿನ್ನ ಕೈಯಾಗೈತೆ. ಕೆಡಿಸಿದ್ರೆ ಜನ್ಮಪೂರ್ತಿ ನಾನು ಆ ಮನ್ಯಾಗೆ ಬಾಯಿ ಮುಚ್ಕಂಡು ಊದ್ತಾ ಕುಂದ್ರಬೇಕು ನೋಡು!"

ಬಾಯಿ ಮುಚ್ಚಿಕೊಂಡು ಊದುವುದು ಹೇಗೆ ಎಂದು ಕೇಳಬೇಕೆನಿಸಿತು. ಅವಳ ಕೆಂಪು ಕಣ್ಣು ನೋಡಿ ಕೇಳಲಿಲ್ಲ.

ಕಟ್ಟುವ ಕೆಲಸವನ್ನು ನಾನು ದೇವಸ್ಥಾನದ ಗರ್ಭಗುಡಿ ಕಟ್ಟುವವನಂತೆ ಮಾಡಿದೆ. ಹಳೆಯ ಒಲೆಯನ್ನು ಒಡೆದು ತೆಗೆದು, ಬಿದಿರಿನ ಸೀಳಿನಲ್ಲಿ ಅಳತೆಯ ಕಡ್ಡಿ ಮಾಡಿಕೊಂಡು, ಅದೇ ಜಾಗದಲ್ಲಿ ಬೆರಳಿನಗಲವೂ ಹೆಚ್ಚುಕಡಿಮೆಯಾಗದಂತೆ ಕಟ್ಟಿದೆ. ಆದರೆ ಹೆಂಗಸರು ನೋಡುತ್ತ ನಿಂತರೆ ನನಗೆ ಕೆಲಸ ಸಾಗುವುದಿಲ್ಲ. ಅದಕ್ಕೆ ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಅವರು ಅಷ್ಟು ದಿನ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇಯಿಸಿಕೊಂಡರು.

ಕಲ್ಲಮ್ಮನವರಿಗೂ ನನಗೂ ನೇರ ಮಾತೇ ಇರಲಿಲ್ಲ. ನನಗೆ ಸಂಕೋಚ, ಅವರಿಗೆ ಮರ್ಯಾದೆ. ನಾನು ಬೀಗರ ಮನೆಯ ಹುಡುಗ. ಬೀಗರ ಕಡೆಯವರಿಗೆ ಹೊತ್ತುಹೊತ್ತಿಗೆ ಕಾಫಿ ಕೊಡಬೇಕು, ಉಪಚಾರ ಮಾಡಬೇಕು, ಅವರು ಏನು ಮಾಡಿದರೂ ಕೊಂಕು ತೆಗೆಯಬಾರದು. ಅವರು ಈ ಪದ್ಧತಿಯನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರೆಂದರೆ, ನಾನು ಮಣ್ಣಿನ ಕಾಲಲ್ಲಿ ಅವರ ಪಡಸಾಲೆಯನ್ನೆಲ್ಲ ತುಳಿದರೂ "ಪ್ರೇಮಾ, ನಿನ್ನ ತಮ್ಮಗೆ ಕಾಲಿಗೆ ನೀರು ಕೊಡು" ಎನ್ನುತ್ತಿದ್ದರೇ ಹೊರತು ನನ್ನ ಕಡೆ ತಿರುಗಿ ಒಂದು ಮಾತೂ ಅನ್ನುತ್ತಿರಲಿಲ್ಲ.

ಹಾಗಾದರೆ ಒಲೆಯ ಗುಣ, ಒಲೆಯ ಒಳಗು, ಎಲ್ಲ ಯಾರಿಗೆ ವಿವರಿಸಿದೆ? ಮನೆಯ ಯಜಮಾನರಿಗೆ! ಭಾಷಣ ಇದ್ದದ್ದೇ ಗೃಹಸ್ಥರಿಗಲ್ಲವೇ? ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಬೆಲ್ಲ ತೂಗುತ್ತಿದ್ದ ಭಾವನಿಗೆ ಪೂರ್ತಿ ಒಪ್ಪಿಸಿದೆ. ಅವರು ತಕ್ಕಡಿಯ ಮುಳ್ಳು ನೋಡುತ್ತ "ಹೌದೌದು" ಎಂದರು. ಬೀಡಿ ಕೊಳ್ಳಲು ಬಂದಿದ್ದ ಮಲ್ಲಿಕಾರ್ಜುನಪ್ಪ ಮಾತ್ರ ನಡುವೆ ಬಾಯಿ ಹಾಕಿದರು.

"ಅಲ್ಲೋ, ಹೊಗಿ ಇಲ್ಲ ಅಂದ್ರೆ ಅಟ್ಟದ ಮ್ಯಾಲಿರೋ ಮೆಕ್ಕೆಜೋಳಕ್ಕೆ ಹುಳ ಬೀಳಾಕಿಲ್ವೇನೋ?"

"ಪ್ರಿಯ ಗೃಹಸ್ಥರೇ..." ಎಂದೆ ನಾನು.

"ಜೋಳದ ಹುಳದ ಸುದ್ದಿ ಕೇಳಿದ್ರೆ ಇವ್ನು ಮೊದ್ಲಿಂದ ಶುರು ಹಚ್ಚಿದ್ನಲ್ಲಪ್ಪ!" ಎಂದು ಅವರು ಬೀಡಿ ಹೊತ್ತಿಸಿಕೊಂಡು ಎದ್ದುಹೋದರು.

ಶುಕ್ರವಾರ ಒಲೆ ಒಣಗಿತು. ನಾನೇ ಕೈಯಾರೆ ಹೊತ್ತಿಸಿ ಹಾಲಿಟ್ಟೆ. ಅಬ್ಬ! ಒಲೆಯ ಬಾಯಿಂದ ಒಂದೆಳೆ ಹೊಗೆ ಬರಲಿಲ್ಲ. ಹೆಂಚಿನ ಮೇಲೆ ಕೊಳವೆಯ ತುದಿಯಿಂದ ಹೊಗೆ ರೈಲಿನ ಹಾಗೆ ಏಳುತ್ತಿದ್ದರೆ ಬೀದಿಯ ಮಕ್ಕಳೆಲ್ಲ ಕೂಗು ಹಾಕಿದರು. ಹಾಲು ಉಕ್ಕಿತು, ನಾನೂ ಉಕ್ಕಿದೆ. ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದ ಕಲ್ಲಮ್ಮನವರು "ಪ್ರೇಮಾ, ನಿನ್ನ ತಮ್ಮಗೆ ಇನ್ನೊಂದು ಲೋಟ ಕಾಫಿ ಕೊಡು" ಎಂದರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಬಿರುದು ಇಲ್ಲ!

ಸೋಮವಾರ ಬಂತು.

ಸ್ನಾನ ಮಾಡಿ, ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಸನ್ಮಾನಕ್ಕೆ ಹೊರಟವನಂತೆ ಅಕ್ಕನ ಮನೆಗೆ ಹೋದೆ. ಹೊಸ್ತಿಲಲ್ಲಿ ಕಾಲಿಟ್ಟವನಿಗೆ ಮೊದಲು ಮೂಗಿಗೆ ತಿಳಿಯಿತು, ಆಮೇಲೆ ಕಣ್ಣಿಗೆ. ಹೊಗೆ! ಪಡಸಾಲೆಯ ತೊಲೆಯ ಕೆಳಗೆ ದಟ್ಟ ಮೋಡ ಕಟ್ಟಿತ್ತು. ಆ ಮೋಡವನ್ನು ಸೀಳಿಕೊಂಡು ಅಕ್ಕ ಬಂದಳು. ಮುಖ ಕುಂಬಾರರ ಮನೆಯ ಮಡಕೆಯಾಗಿತ್ತು.

"ಬಂದ್ಯಾ ಇಂಜಿನಿಯರಪ್ಪ! ಬಾ, ನೋಡು ಬಾ ನಿನ್ನ ಒಲೆ ಪ್ರತಾಪ!"

"ಏ... ಏನಾತಕ್ಕ?"

"ಉಸಿರೇ ಆಡ್ತಿಲ್ಲ ಅದು! ಬೇಳೆ ಇಟ್ಟು ಯಾವ ಹೊತ್ತಾತು, ಇನ್ನೂ ಕಲ್ಲಾಗೈತೆ. ಹಿಂದಿನ ಕುಣಿ ಮ್ಯಾಲೆ ಅನ್ನಕ್ಕಿಟ್ಟ ನೀರಿನಾಗೆ ಕೈ ಅದ್ದಿದ್ರೆ ತಣ್ಣಗೆ ಹಿತವಾಗೈತೆ!"

"ಸೌದೆ ಹಸಿ ಇರ್ಬೇಕು."

"ಬೇಸಿಗ್ಯಾಗೆ ಒಣಗಿಸಿಟ್ಟ ಜಾಲಿ ಸೌದೆ ಕಣೋ! ಹಸಿ ಇರೋನು ನೀನು!"

"ಊದಿದ್ರಾ?"

"ಊದೀ ಊದೀ ನನ್ನ ಕೆನ್ನೆ ಪೂರಿ ಆಗ್ಯಾವೆ. ಇನ್ನು ನೀನೇ ಬಂದು ಊದು ಅಂದ್ರೆ, ಒಳಗೆ ಬರಂಗಿಲ್ಲ!"

ಅದೇ ತೊಡಕಾಗಿದ್ದು. ಅಯ್ಯನವರ ಎಡೆಗೆ ಅಡುಗೆ ಆಗುವಾಗ, ಲಿಂಗಪೂಜೆ ಮುಗಿಸಿ ಒಲೆ ಮುಂದೆ ಕೂತ ಅತ್ತೆ ಸೊಸೆಯರ ಹೊರತು ಆ ಮನೆಯಲ್ಲಿ ಇನ್ನಾರೂ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಒಲೆಯ ಮೇಲೇರಿದ ಪಾತ್ರೆಯನ್ನು ಬೇಯುವ ತನಕ ಇಳಿಸುವಂತೆಯೂ ಇರಲಿಲ್ಲ. ಅಯ್ಯನವರು ಉಂಡು ಏಳುವ ತನಕ ಮನೆಯಲ್ಲಿ ಯಾರೂ ಒಂದು ತುತ್ತು ಬಾಯಿಗಿಡುವಂತಿರಲಿಲ್ಲ. ಕಲ್ಲಮ್ಮನವರು ಹಿಂದಿನ ದಿನದಿಂದಲೇ ಉಪವಾಸ.

ನಾನು ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕೂತು ಕತ್ತು ಚಾಚಿದೆ. ನನ್ನ ಒಲೆ ಹಬ್ಬಕ್ಕೆ ಸಿಂಗಾರವಾಗಿತ್ತು. ಸಗಣಿ, ಕೆಮ್ಮಣ್ಣಿನಿಂದ ಸಾರಿಸಿ, ರಂಗೋಲಿ ಎಳೆದು, ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿದ್ದರು. ಅಷ್ಟೆಲ್ಲ ಭಕ್ತಿಗೆ ಒಲೆ ಕೊಟ್ಟ ಪ್ರತಿಫಲ, ಬಾಯಿತುಂಬ ಹೊಗೆ! ಆ ಹೊಗೆಯ ಹಿಂದೆ ಕಲ್ಲಮ್ಮನವರು ನೀರು ಸುರಿಯುವ ಕಣ್ಣು ಮುಚ್ಚಿಕೊಂಡು ಊದುಗೊಳವೆ ಹಿಡಿದಿದ್ದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಬೀಗರ ಮರ್ಯಾದೆ ಬಿಡಲಿಲ್ಲ.

"ಪ್ರೇಮಾ, ನಿನ್ನ ತಮ್ಮಗೆ ಕಾಫಿ..." ಎಂದವರು ನಿಲ್ಲಿಸಿದರು. ಕಾಫಿ ಕಾಯಿಸುವುದಕ್ಕೂ ಒಲೆ ಬೇಕಲ್ಲ!

ನಾನು ನನ್ನ ಅಳತೆಗಳನ್ನೆಲ್ಲ ಮನಸ್ಸಿನಲ್ಲೇ ಓಡಿಸಿದೆ. ಬಾಯಿ ಸರಿ. ಕುಣಿ ಸರಿ. ಶುಕ್ರವಾರ ಉರಿದ ಒಲೆ ಸೋಮವಾರ ಮುನಿಸಿಕೊಳ್ಳುವುದೆಂದರೆ? ಮನುಷ್ಯರು ಮುಟ್ಟದೆ ಕೆಡುವಂಥದ್ದು ಒಂದೇ, ಕೊಳವೆ. ಕಾಗೆ ಗೂಡು ಕಟ್ಟಿರಬೇಕು! ಎರಡು ದಿನದಲ್ಲಿ ಕಾಗೆ ಗೂಡು ಕಟ್ಟುತ್ತದೆಯೇ ಎಂದು ಯೋಚಿಸುವಷ್ಟು ಪುರುಸೊತ್ತು ನನಗಿರಲಿಲ್ಲ. ಉದ್ದನೆಯ ಬಿದಿರು ಗಳುವಿನ ತುದಿಗೆ ಗೋಣಿತಾಟು ಸುತ್ತಿಕೊಂಡು, ಬಿಳಿ ಅಂಗಿಯ ಸಮೇತ ಮನೆಯ ಮೇಲೆ ಹತ್ತಿದೆ.

ಕಾಲ ಕೆಳಗೆ ಒಂದು ಹೆಂಚು "ಟಪ್" ಎಂದಿತು. ಕೆಳಗಿಂದ ಅಕ್ಕ "ಏನದು?" ಎಂದಳು. "ಏನಿಲ್ಲ" ಎಂದೆ. ಇನ್ನೊಂದು "ಟಪ್" ಎಂದಿತು. "ಈಗೇನು?" "ಆಗಿಂದೇ" ಎಂದೆ.

ಕೊಳವೆಯಲ್ಲಿ ಇಣುಕಿದೆ. ಕಾಗೆಯೂ ಇಲ್ಲ, ಗೂಡೂ ಇಲ್ಲ, ಹೊಗೆಯೂ ಇಲ್ಲ! ಮನೆಯೊಳಗೆ ಮೋಡ, ಕೊಳವೆಯೊಳಗೆ ತಂಗಾಳಿ. ಇರಲಿ ಎಂದು ಗಳು ಇಳಿಬಿಟ್ಟೆ. ಅದು ಸರಾಗವಾಗಿ ಇಳಿಯಿತು. ಮೇಲಕ್ಕೆಳೆದರೆ ಬರಲಿಲ್ಲ. ಗೋಣಿತಾಟು ಒಳಗೆ ಬಿಚ್ಚಿಕೊಂಡು ಬಿರಡೆಯ ಹಾಗೆ ಕಚ್ಚಿಕೊಂಡಿತ್ತು. ಎಳೆದೆ, ತಿರುಗಿಸಿದೆ, ಕೈಮುಗಿದೆ. ಊಹೂಂ. ಮನೆಯ ನೆತ್ತಿಯ ಮೇಲೆ ಗಳು ನೆಟ್ಟಗೆ ನಿಂತಿತು.

ಬೀದಿಯಲ್ಲಿ ಭಾವ ನಿಂತು ತಲೆ ಎತ್ತಿ ನೋಡುತ್ತಿದ್ದರು. "ಲೇ, ಸ್ವಾತಂತ್ರ್ಯ ದಿನ ಮುಗೀತಲ್ಲೋ! ಯಾವ ಬಾವುಟ ಹಾರಿಸಾಕೆ ಹೊಂಟೀಯ? ಇಳಿ, ಇಳಿ! ಅಯ್ನೋರು ಬಂದ್ರು!"

ಇಳಿದೆ. ಮೊಣಕಾಲು ತರಚಿತ್ತು. ಬಿಳಿ ಅಂಗಿಯಲ್ಲಿ ಬಿಳಿ ಎಲ್ಲಿದೆ ಎಂದು ಹುಡುಕಬೇಕಿತ್ತು.

ಅಯ್ಯನವರು ಶಾಂತ ಮುಖದ ವಯಸ್ಸಾದವರು. ಪಡಸಾಲೆಯ ಮಣೆಯ ಮೇಲೆ ಕೂತರು. ಕೂತವರೇ "ಷಣ್ಮುಖಪ್ಪ, ಲೋಬಾನ ಸ್ವಲ್ಪ ಜಾಸ್ತಿನೇ ಆತಲ್ಲಪ್ಪ" ಎಂದರು.

"ಭಕ್ತಿ, ಅಯ್ನೋರೆ" ಎಂದರು ಭಾವ, ಕೆಮ್ಮುತ್ತ.

"ಭಕ್ತಿ ಇರ್ಲಿ. ಆದ್ರೆ ನಾನು ಮಧ್ಯಾಹ್ನದ ಚನ್ನಗಿರಿ ಬಸ್ಸಿಗೆ ಹೊಂಡ್ಬೇಕು. ಅಲ್ಲಿ ಭಕ್ತರು ಕಾಯ್ತಿರ್ತಾರೆ. ಲಗೂನೆ ಆಗ್ಲಿ."

ಲಗೂನೆ! ಒಳಗೆ ಬೇಳೆ ಇನ್ನೂ ಟಕಟಕ ಎನ್ನುತ್ತಿತ್ತು. ಬೇಳೆ ಬೆಂದು, ಬಸಿದು, ರುಬ್ಬಿ, ಹೂರಣವಾಗಿ, ಹೋಳಿಗೆಯಾಗಬೇಕು. ಬಸಿದ ಕಟ್ಟು ಸಾರಾಗಬೇಕು. ಅನ್ನ ಆಗಬೇಕು. ಅಯ್ಯನವರು ಉಣ್ಣದೆ ಬಸ್ಸು ಹತ್ತಿದರೆ ಆ ಮನೆಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅಕ್ಕನಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಪಕ್ಕದ ಮನೆಯ ಕಸ್ತೂರಮ್ಮ ಹಿತ್ತಲ ಗೋಡೆಯ ಮೇಲಿಂದ ತಲೆ ಹಾಕಿದರು. "ಕಲ್ಲಮ್ಮಾರೆ, ಬೇಳೆ ಇತ್ಲಾಗೆ ಕೊಡ್ರಿ. ನಮ್ಮ ಒಲೆ ಧಗಧಗ ಉರೀತೈತೆ."

"ಬ್ಯಾಡವ್ವ" ಎಂದರು ಕಲ್ಲಮ್ಮ. "ಅಯ್ನೋರ ಎಡಿ ಈ ಮನಿ ಒಲೆ ಮ್ಯಾಲೇ ಆಗ್ಬೇಕು. ಆಗ್ಲಿಲ್ಲ ಅಂದ್ರೆ ನನ್ನ ಪುಣ್ಯ ಇಷ್ಟೇ ಅನ್ಕಂತೀನಿ."

ಆ ಮಾತು ಹೇಳಿ ಅವರು ಅಕ್ಕನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಅಕ್ಕನಿಗೆ ಹೆಚ್ಚು ನಾಟಿತು. ಅವಳು ಹೊಸ್ತಿಲಿಗೆ ಬಂದು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು: "ನಾಳೆ ಮಣ್ಣು ಕಲಸಾಕೆ ಬಾ. ಹಳೇ ಒಲೆ ಕಟ್ಟಿಕೊಡು. ಅದನ್ನಾದ್ರೂ ಸರಿಯಾಗಿ ಕಟ್ತೀಯೋ ಇಲ್ಲೋ?" ಅವಳ ಕಣ್ಣಲ್ಲಿ ನೀರಿತ್ತು. ಈ ಸಲ ಹೊಗೆಯ ಮೇಲೆ ತಪ್ಪು ಹೊರಿಸುವಂತಿರಲಿಲ್ಲ.

ಪಾದಪೂಜೆ ಶುರುವಾಯಿತು. ಭಾವ ಹೊತ್ತು ಎಳೆಯುವುದಕ್ಕೆ ತಮ್ಮ ಕೈಲಾದದ್ದೆಲ್ಲ ಮಾಡಿದರು. ಪಾದ ತೊಳೆದರು, ಒರೆಸಿದರು, ಮತ್ತೆ ತೊಳೆದರು. ಒಂದೊಂದೇ ಬಿಲ್ವಪತ್ರೆಯನ್ನು ತಕ್ಕಡಿಗೆ ಹಾಕುವವರಂತೆ ನೋಡಿ ನೋಡಿ ಏರಿಸಿದರು. ಕೊನೆಗೆ ಬಿಲ್ವಪತ್ರೆ ಮುಗಿಯಿತು. ಅಯ್ಯನವರ ತಾಳ್ಮೆಯೂ ತುದಿಗೆ ಬಂತು. ಅವರು ಕಣ್ಣೊರೆಸಿಕೊಂಡು "ಪ್ರಸಾದ ತಡ ಏನಪ್ಪ? ಬಸ್ಸು..." ಎಂದು ಮಣೆಯಿಂದ ಅರ್ಧ ಎದ್ದರು.

ಭಾವ ಸುತ್ತಲೂ ನೋಡಿ, ಕಂಬದ ಮರೆಯಲ್ಲಿ ನಿಂತಿದ್ದ ನನ್ನ ರಟ್ಟೆ ಹಿಡಿದು ಅಯ್ಯನವರ ಮುಂದಕ್ಕೆ ನೂಕಿದರು.

"ಅಯ್ನೋರೆ, ಒಂದು ನಿಮಿಷ ಕುಂದ್ರಿ! ಇವ್ನು ನಮ್ಮ ಬೀಗರ ಹುಡುಗ. ಹೊಗೆಯಿಲ್ಲದ ಒಲೆ ಬಗ್ಗೆ ಬಾಳ ಚೆನ್ನಾಗಿ ಮಾತಾಡ್ತಾನೆ. ತಾವು ಕೇಳ್ಲೇಬೇಕು!"

ಹೊಗೆಯಿಲ್ಲದ ಒಲೆ! ಅಯ್ಯನವರು ತೊಲೆಯ ಕೆಳಗಿನ ಮೋಡ ನೋಡಿದರು. ಮಸಿ ಮೆತ್ತಿದ ನನ್ನನ್ನು ನೋಡಿದರು. ಕುತೂಹಲಕ್ಕೋ, ಕರುಣೆಗೋ, ಮತ್ತೆ ಕೂತರು.

ಒಂಬತ್ತನೇ ತರಗತಿಯ ಬಾಗಿಲು ಎಲ್ಲಿ ಎಂದು ಕಣ್ಣು ಹುಡುಕಿತು. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅತ್ತ ಓಡುವಂತಿರಲಿಲ್ಲ. ಕಣ್ಣು ಮುಚ್ಚಿಕೊಂಡೆ. ಇವರೆಲ್ಲ ಎಮ್ಮೆಗಳು ಎಂದು ಭಾವಿಸಿಕೊಂಡೆ. ಶುರುಮಾಡಿದೆ.

"ಪ್ರಿಯ ಗೃಹಸ್ಥರೇ! ಹೊಗೆಯಿಲ್ಲದ ಒಲೆಯಿಂದ ಮನೆ ಸ್ವಚ್ಛ, ಮನಸ್ಸು ಸ್ವಚ್ಛ. ಕಣ್ಣುರಿ ಇಲ್ಲ, ಕೆಮ್ಮಿಲ್ಲ..."

ಅಯ್ಯನವರು ಕೆಮ್ಮಿದರು. "ನಾನು ಗೃಹಸ್ಥ ಅಲ್ಲಪ್ಪ. ಮುಂದೆ ಹೇಳು."

ಮಾತು ತಪ್ಪಿಹೋಯಿತು! "ಪ್ರಿಯ ಗೃಹಸ್ಥರೇ! ಹೊಗೆಯಿಲ್ಲದ ಒಲೆಯಿಂದ ಮನೆ ಸ್ವಚ್ಛ..."

"ಅದನ್ನ ಹೇಳಿದ್ಯಲ್ಲ."

"ಪ್ರಿಯ ಗೃಹಸ್ಥರೇ!"

ಭಾವ ಗಾಬರಿಯಾಗಿ ಕೈಮುಗಿದರು. "ನಡುವೆ ಮಾತಾಡಬ್ಯಾಡ್ರಿ ಅಯ್ನೋರೆ, ಇವ್ನಿಗೆ ಯಾರೂ ತಡೀದಂಗೆ ಬಿಟ್ರೆ ಮಾತ್ರ ಮುಂದೆ ಹೋಗಾಕೆ ಬರ್ತೈತೆ!"

ಅಯ್ಯನವರು ಬಾಯಿಗೆ ವಸ್ತ್ರ ಅಡ್ಡ ಹಿಡಿದರು. ಹೊಗೆಗೋ ನಗುವಿಗೋ ತಿಳಿಯಲಿಲ್ಲ. ನಾನು ಮೂರನೇ ಸಲ ಹೊರಟೆ. ಈ ಸಲ ಯಾರೂ ತಡೆಯಲಿಲ್ಲ. ಸ್ವಚ್ಛ ಮನೆ ದಾಟಿದೆ, ಕಣ್ಣುರಿ ದಾಟಿದೆ, ಕೆಮ್ಮು ದಾಟಿದೆ. ನಾನೆಂದೂ ಮನುಷ್ಯರ ಮುಂದೆ ಅಷ್ಟು ದೂರ ಹೋದವನಲ್ಲ. ಧೈರ್ಯ ಬಂತು, ದನಿ ಏರಿತು, ಅಡುಗೆಮನೆಗೂ ಕೇಳುವ ಹಾಗೆ ಏರಿತು.

"...ಒಲೆಯ ಬಾಯಲ್ಲಿ ಹೊತ್ತಿದ ಬೆಂಕಿಯು ಮೊದಲನೆಯ ಪಾತ್ರೆಯನ್ನು ಕಾಯಿಸಿ, ಹಿಂಬದಿಯ ಗೋಡೆಯಲ್ಲಿರುವ ತೂತಿನ ಮೂಲಕ ಎರಡನೆಯ ಪಾತ್ರೆಗೆ ಹೋಗಿ..."

"ಯಾವ ತೂತು?"

ಕೇಳಿದವರು ಅಯ್ಯನವರಲ್ಲ. ಭಾವನೂ ಅಲ್ಲ. ಅಡುಗೆಮನೆಯ ಬಾಗಿಲಲ್ಲಿ ಊದುಗೊಳವೆ ಹಿಡಿದು ಕಲ್ಲಮ್ಮನವರು ನಿಂತಿದ್ದರು. ಅವರು ನನ್ನನ್ನು ನೇರವಾಗಿ ಕೇಳಿದ ಮೊಟ್ಟಮೊದಲ ಮಾತು ಅದು. ಗಾಬರಿಯಲ್ಲಿ ನಾನು "ಪ್ರಿಯ ಗೃಹ..." ಎಂದೆ.

"ಗೃಹಸ್ಥರು ಹಾಳಾಗ್ಲಿ! ಯಾವ ತೂತು ಅಂದೆ?"

"ಒ... ಒಳಗೆ, ಅತ್ತೆಮ್ಮ. ಮೊದಲ್ನೇ ಕುಣಿ ಹಿಂದಿನ ಗೋಡ್ಯಾಗೆ. ಮುಷ್ಟಿಯಷ್ಟು ಅಗಲ."

ಅವರ ಮುಖ ನಿಧಾನವಾಗಿ ಬದಲಾಯಿತು. "ಅದು... ನೀನೇ ಬಿಟ್ಟಿದ್ದಾ?"

"ಹೂಂ, ಅತ್ತೆಮ್ಮ. ಅಳತೆ ಮಾಡಿ ಬಿಟ್ಟಿದ್ದು."

ಅಯ್ಯನವರು ಕೆಮ್ಮು ನಿಲ್ಲಿಸಿ ಕತ್ತು ಚಾಚಿದರು.

"ನಾನು ಇಲಿ ಕೊರೆದೈತೆ ಅಂತ ತಿಳ್ಕಂಡೆ" ಎಂದರು ಕಲ್ಲಮ್ಮ, ಮೆಲ್ಲಗೆ. "ಬೆಳಿಗ್ಗೆ ಒಲೆ ಸಾರಿಸುವಾಗ ಕೈಗೆ ಸಿಕ್ತು. ಹೊಸ ಒಲೆ, ಆಗ್ಲೇ ಇಲಿ ಕೊರೆದೈತೆ, ಇಲ್ಲ ಹುಡುಗನೇ ಮರ್ತು ಬಿಟ್ಟಾನೆ ಅಂತ. ಬೀಗರ ಹುಡುಗ, ಮೊದ್ಲೇ ನಾಚಿಕೆ ಸ್ವಭಾವ, ಕೆಲಸದಾಗೆ ತೂತು ಬಿಟ್ಟೀಯ ಅಂತ ಹೆಂಗೆ ಹೇಳೋದು? ಯಾರಿಗೂ ಗೊತ್ತಾಗ್ದಂಗೆ ಮಣ್ಣು ಸಗಣಿ ಮೆತ್ತಿ ನಾನೇ ಮುಚ್ಚಿಬಿಟ್ಟೆ."

ನನ್ನ ಮಾನ ಮುಚ್ಚುವುದಕ್ಕೆ ಆ ತಾಯಿ ಒಲೆಯ ಮೂಗನ್ನೇ ಮುಚ್ಚಿದ್ದರು! ಅವರಿಗೆ ಹೇಳುವ ಮನಸ್ಸಾಗಲಿಲ್ಲ, ನನಗೆ ಹೇಳುವ ಬಾಯಾಗಲಿಲ್ಲ. ಬೆಲ್ಲ ತೂಗುವವರಿಗೆ ಒಲೆಯ ಒಳಗನ್ನೆಲ್ಲ ತೋರಿಸಿ, ಬೆಂಕಿ ಹಾಕುವವರಿಗೆ ಬಾಗಿಲು ಹಾಕಿಕೊಂಡವನು ನಾನು. ಇಲಿಯನ್ನು ಬೈಯುವ ಹಾಗೂ ಇರಲಿಲ್ಲ.

ಆಮೇಲೆ ನಡೆದದ್ದು ಬಿರುಗಾಳಿ. ಕಲ್ಲಮ್ಮನವರು ಒಳಗೆ ನುಗ್ಗಿ ಕಬ್ಬಿಣದ ಊದುಗೊಳವೆಯನ್ನು ಒಲೆಯ ಬಾಯೊಳಗೆ ತೂರಿಸಿ ಒಂದು ತಿವಿತ ತಿವಿದರು. ದೊಪ್ಪನೆ ಮಣ್ಣು ಬಿತ್ತು. ಒಲೆ ಒಮ್ಮೆ "ಬುಸ್" ಎಂದು ಉಸಿರೆಳೆದು, ಇನ್ನೇನು ಉರಿಯಿತು ಎನ್ನುವಾಗ, ಹಿಂದಿನ ಕುಣಿಯ ಸುತ್ತಲಿಂದ ಬುಗಬುಗನೆ ಹೊಸ ಹೊಗೆ!

"ಇದ್ಯಾವ ತೂತು ಮುಚ್ಚೈತೋ ಈಗ!" ಎಂದು ಅಕ್ಕ ಕಿರುಚಿದಳು.

"ಅದು ನಾನು!" ಎಂದು ಕೂಗಿ ನಾನು ಹೊರಗೆ ಹಾರಿದೆ. ಕೊಳವೆಯಲ್ಲಿ ಕಚ್ಚಿಕೊಂಡಿದ್ದ ಗಳುವನ್ನು ಆ ಗಾಬರಿಯಲ್ಲಿ ಮರೆತೇಬಿಟ್ಟಿದ್ದೆ. ಭಾವನೂ ಹಿಂದೆಯೇ ಹತ್ತಿದರು. ಇಬ್ಬರೂ ಹಿಡಿದು ಜಗ್ಗಿದೆವು. ಟಪ್, ಟಪ್, ಟಪ್, ಹೆಂಚುಗಳು ಲೆಕ್ಕ ಒಪ್ಪಿಸತೊಡಗಿದವು. ಒಮ್ಮೆಲೇ ಗಳು ಕಿತ್ತು ಬಂತು. ಅದರ ಹಿಂದೆಯೇ ಕೊಳವೆ ಇಷ್ಟು ಹೊತ್ತು ತಡೆದಿಟ್ಟ ಹೊಗೆಯನ್ನೆಲ್ಲ ಸೀದಾ ನಮ್ಮ ಮುಖಕ್ಕೆ ಉಗುಳಿತು. ಭಾವ ಯಾರು, ಭಾವಮೈದುನ ಯಾರು ಎಂದು ಕೆಳಗಿನವರಿಗೆ ಗುರುತು ಹತ್ತಲಿಲ್ಲ.

ಒಳಗೆ ಮಾತ್ರ ಮೋಡ ಚದುರಿತು. ಬೇಳೆ ಕುದಿಯಿತು. ಅನ್ನ ಕುದಿಯಿತು. ಚನ್ನಗಿರಿ ಬಸ್ಸು ಹಾರನ್ ಹೊಡೆದುಕೊಂಡು ಹೊರಟೇಹೋಯಿತು. "ಹೋಗ್ಲಿ ಬಿಡ್ರಿ, ಸಾಯಂಕಾಲದ ಬಸ್ಸಿಗೆ ಹೋದ್ರಾತು" ಎಂದರು ಅಯ್ಯನವರು. "ಈ ಹುಡುಗನ ಭಾಷಣದ ಕೊನೆ ಏನಾಗ್ತೈತೆ ಅಂತ ನಂಗೂ ತಿಳೀಬೇಕು." ಹೊತ್ತು ಇಳಿಯುವ ಮುಂಚೆ ಬಿಸಿಬಿಸಿ ಹೋಳಿಗೆ ಉಂಡು, ಹರಸಿ ಎದ್ದರು. ಭಾಷಣದ ಕೊನೆಯನ್ನು ಕೇಳದೆಯೇ ಎದ್ದರು, ಪುಣ್ಯಾತ್ಮರು.

ಆದರೆ ಕಲ್ಲಮ್ಮನವರು ಒಲೆ ಇರಲಿ ಅನ್ನಲಿಲ್ಲ, ಹೋಗಲಿ ಅನ್ನಲಿಲ್ಲ. ಅಡುಗೆ ಆಯಿತು, ಸರಿ. ಸಸೂತ್ರ ಆಯಿತು ಎಂದು ಯಾರು ಹೇಳಿಯಾರು? ತಪ್ಪು ತಮ್ಮ ಕೈಯಿಂದ ಆದದ್ದು ಊರ ಮುಂದೆ, ಅಯ್ಯನವರ ಮುಂದೆ ಬಯಲಾದ ಮೇಲೆ ಆ ಒಲೆಯನ್ನು ದಿನಾ ನೋಡಿಕೊಂಡು ಅವರು ಇರುತ್ತಾರೆಯೇ? ಅಕ್ಕ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಮಂಗಳವಾರ ಬೆಳಿಗ್ಗೆ ಹಳೇ ಒಲೆಗೆ ಮಣ್ಣು ಕಲಸಲು ಸಲಿಕೆ ಹೊತ್ತು ಹೋದೆ. ದಾರಿಯುದ್ದಕ್ಕೂ ಒಂದು ಹೊಸ ಭಾಷಣ ಬಾಯಿಪಾಠ ಮಾಡಿದ್ದೆ: ಒಲೆಯದು ತಪ್ಪಿಲ್ಲ, ನನ್ನದೂ ಅಳತೆ ತಪ್ಪಿಲ್ಲ, ದಯವಿಟ್ಟು ಉಳಿಸಿಕೊಳ್ಳಿ. ಈ ಸಲ ಯಾರು ಅಡ್ಡ ಬಂದರೂ ಪೂರ್ತಿ ಹೇಳಿಯೇ ಬಿಡುವುದೆಂದು ಹಲ್ಲು ಕಚ್ಚಿದ್ದೆ.

ಅಡುಗೆಮನೆಯ ತುಂಬ ಹೆಂಗಸರು! ಬೀದಿಗೆ ಬೀದಿಯೇ ಬಂದು ಕೂತಿತ್ತು. ನಡುವೆ ಕಲ್ಲಮ್ಮನವರು ಊದುಗೊಳವೆಯನ್ನು ಮೇಷ್ಟ್ರ ಕೋಲಿನ ಹಾಗೆ ಹಿಡಿದು ಒಲೆಯ ಒಳಗನ್ನು ತೋರಿಸುತ್ತಿದ್ದರು. ಹೊಗೆಯಿಲ್ಲ. ಒಬ್ಬರ ಮುಖ ಒಬ್ಬರಿಗೆ ಚೆನ್ನಾಗಿ ಕಾಣುತ್ತಿತ್ತು.

"ನೋಡ್ರವ್ವ, ಎಲ್ಲಾ ಮರ್ಮ ಇರೋದು ಈ ತೂತಿನಾಗೆ. ಇದನ್ನ ಮುಚ್ಚಿದ್ರೆ ಒಲೆ ಸತ್ತಂಗೆ, ತೆಗೆದ್ರೆ ಬದುಕಿದಂಗೆ. ಸೋಮವಾರ ನಾನೇ ಮುಚ್ಚಿ, ನಾನೇ ತೆಗೆದು, ಪರೀಕ್ಷೆ ಮಾಡಿ ನೋಡೀನಿ. ಈ ಹುಡುಗ ಕಟ್ಟೋದೇನೋ ಕಟ್ಟಿದ್ದ. ಆದ್ರೆ ಒಲೆ ಯಾಕೆ ಉರಿಯವಲ್ದು ಅಂತ, ಪಾಪ, ಅವನಿಗೇ ಗೊತ್ತಿರಲಿಲ್ಲ. ಮನಿ ಮ್ಯಾಲೆ ಹತ್ತಿ ಕಾಗೆ ಹುಡುಕ್ತಿದ್ದ! ಅಲ್ಲೇನಪ್ಪ?"

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಹೊಸ ಭಾಷಣ ಗಂಟಲವರೆಗೆ ಬಂತು. ಕಲ್ಲಮ್ಮನವರ ಬೆನ್ನ ಹಿಂದೆ ಅಕ್ಕ ನಿಂತಿದ್ದಳು. ಬೆಳ್ಳಗೆ, ನಿರ್ಮಲವಾಗಿದ್ದ ಕಣ್ಣುಗಳನ್ನು ದೊಡ್ಡದಾಗಿ ಅರಳಿಸಿ, ತುಟಿ ಮಾತ್ರ ಅಲ್ಲಾಡಿಸಿ ಹೇಳಿದಳು: "ಹೂಂ ಅನ್ನೋ!"

"ಹೂಂ, ಅತ್ತೆಮ್ಮ" ಎಂದೆ.

"ಪ್ರೇಮಾ, ನಿನ್ನ ತಮ್ಮಗೆ ಕಾಫಿ ಕೊಡು" ಎಂದರು ಕಲ್ಲಮ್ಮ.

ಪಕ್ಕದ ಮನೆಯ ಕಸ್ತೂರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಿಟ್ಟುಸಿರು ಬಿಟ್ಟರು. "ನಮ್ಮ ಮನ್ಯಾಗೂ ಇಂಥದ್ದೇ ಒಂದು ಕಟ್ಟಿಸ್ಬೇಕು. ಆದ್ರೆ ಕಲ್ಲಮ್ಮಾರೆ, ಕಟ್ಟುವಾಗ ನೀವು ಪಕ್ಕದಾಗೇ ಕುಂದ್ರಬೇಕ್ರಿ. ಈ ಹುಡುಗನ್ನ ಒಬ್ನೇ ಬಿಟ್ರೆ ತೂತು ಬಿಡೋದೇ ಮರ್ತಾನು!"